ಅರ್ಧ ಉಂಡೆ ಕಂದು ದಾರ

ಆ ಕಂದು ಬಣ್ಣದ ಉಲ್ಲನ್ ಉಂಡೆಯ ಮೇಲೆ ಎರಡು ಕೈಗಳು ಒಂದೇ ಕ್ಷಣದಲ್ಲಿ ಬಿದ್ದವು!

ಒಂದು ಕೈ ವರ್ಷಿಣಿಯದು. ಬೆಳಗಿನ ತರಗತಿಯ ಸೀಮೆಸುಣ್ಣದ ಪುಡಿ ಅವಳ ಬೆರಳ ತುದಿಯಲ್ಲಿ ಇನ್ನೂ ಉಳಿದಿತ್ತು. ಇನ್ನೊಂದು ಯಾರೋ ಗಂಡಸಿನ ಕೈ. ಅಗಲವಾದ, ಒರಟಾದ, ಉಗುರಿನ ಸಂದಿಯಲ್ಲಿ ತೆಂಗಿನ ನಾರಿನ ಎಳೆಯೊಂದು ಸಿಕ್ಕಿಕೊಂಡಿದ್ದ ಕೈ.

ಎರಡೂ ಕೈಗಳು ಉಂಡೆಯನ್ನು ಬಿಡಲಿಲ್ಲ.

“ಇದನ್ನ ಮೊದಲು ನೋಡಿದ್ದು ನಾನು ಕಣ್ರೀ,” ಎಂದಳು ವರ್ಷಿಣಿ.

“ನೋಡಿದ್ದು ನೀವೇ ಇರಬಹುದು. ಮುಟ್ಟಿದ್ದು ನಾನು!”

“ಎಳೆದಾಡಬೇಡ್ರಪ್ಪಾ!” ಅಂಗಡಿಯ ಒಡೆಯ ಶ್ರೀರಂಗಯ್ಯ ಕನ್ನಡಕದ ಮೇಲಿಂದ ನೋಡಿ ಕೂಗಿದ. “ಉಂಡೆ ಬಿಚ್ಚಿಕೊಂಡ್ರೆ ಮತ್ತೆ ಸುತ್ತೋನು ನಾನು. ನೀವಲ್ಲ!”

ತಿಪಟೂರಿನ ಪೇಟೆಯಲ್ಲಿ, ಕೊಬ್ಬರಿ ಮಂಡಿಗಳ ಸಾಲು ಮುಗಿದು ಬಟ್ಟೆ ಅಂಗಡಿಗಳ ಸಾಲು ಆರಂಭವಾಗುವಲ್ಲಿ, ಆ ಕಿರಿದಾದ ಅಂಗಡಿ ಇತ್ತು. ಗೋಡೆಯ ತುಂಬ ಉಲ್ಲನ್ ಉಂಡೆಗಳು. ಗಾಜಿನ ಪೆಟ್ಟಿಗೆಯಲ್ಲಿ ಸೀರೆ ಕುಚ್ಚಿಗೆ ಬೇಕಾದ ರೇಷ್ಮೆ ದಾರ, ಮೊಳೆಗೆ ನೇತುಹಾಕಿದ ಶಿವದಾರಗಳು, ಡಬ್ಬಿಯಲ್ಲಿ ಕ್ರೋಶಾ ಕಡ್ಡಿಗಳು. ಕೂರುವವರಿಗೆಂದು ಒಂದು ಹಳೆಯ ಬೆಂಚು. ಫೋನಿನಲ್ಲಿ ತರಿಸಿದರೆ ಯಾವ ಬಣ್ಣವೂ ಮನೆಬಾಗಿಲಿಗೆ ಬರುವ ಈ ಕಾಲದಲ್ಲಿಯೂ ವರ್ಷಿಣಿಗೆ ಈ ಅಂಗಡಿಯೇ ಬೇಕು. ದಾರವನ್ನು ಕೆನ್ನೆಗೆ ಒತ್ತಿ ನೋಡದೆ ಕೊಳ್ಳುವುದು ಅವಳಿಂದಾಗದು.

ಆ ಗಂಡಸು ಮಾತ್ರ ಬಿಡುವ ಹಾಗೆ ಕಾಣಲಿಲ್ಲ.

“ನನಗೆ ಇದೇ ಆಗಬೇಕು ಮೇಡಂ. ಮುಂದೆ ಬರೋ ಮಾಲೂ ಇದೇ ಬಣ್ಣ ಅಂತ ಇವರು ಹೇಳ್ತಾರೆ. ಬಿಸಿಲಿಗೆ ಹಿಡಿದ್ರೆ ಬೇರೇನೇ ಕಾಣುತ್ತೆ. ಶಾಲು ಅರ್ಧಕ್ಕೆ ಬಂದು ನಿಂತಿದೆ.”

ವರ್ಷಿಣಿ ಬೆರಗಾದಳು. ಒಂದು ಸಲ ಅದ್ದಿದ ಬಣ್ಣ ಇನ್ನೊಂದು ಸಲದ್ದಕ್ಕೆ ಕೂಡುವುದಿಲ್ಲವೆಂದು ಬಲ್ಲ ಗಂಡಸನ್ನು ಅವಳು ಈವರೆಗೆ ಕಂಡಿರಲಿಲ್ಲ!

“ಶಾಲು ಯಾರು ಹೆಣೀತಿರೋದು? ನಿಮ್ಮ ಮನೆಯವರಾ?”

ಅವನು ಬೀದಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಮದುವೆ ಆಗಿಲ್ಲ. ನಮ್ಮಜ್ಜಿ ಶುರು ಮಾಡಿದ್ದು. ಈಗ ಅವರ ಬೆರಳು ಮಡಚೋಕೆ ಬರಲ್ಲ. ಬಾಯಲ್ಲಿ ಹೇಳೋದು ಅಜ್ಜಿ… ಕೈ ನನ್ನದು.”

ವರ್ಷಿಣಿ ನಕ್ಕುಬಿಟ್ಟಳು.

ಅವನ ಕಿವಿಗಳು ಕೆಂಪಾದವು. ಉಂಡೆಯ ಮೇಲಿದ್ದ ಕೈ ತಾನಾಗಿಯೇ ಹಿಂದಕ್ಕೆ ಸರಿಯಿತು. “ನಗಿ, ಪರವಾಗಿಲ್ಲ. ನನಗೆ ಅಭ್ಯಾಸ ಆಗಿದೆ.”

“ಅಯ್ಯೋ… ಅಪಹಾಸ್ಯಕ್ಕೆ ನಗಲಿಲ್ಲ ಕಣ್ರೀ! ಖುಷಿಗೆ ನಕ್ಕಿದ್ದು.” ಅವಳಿಗೆ ಅಳುವೇ ಬಂದಂತಾಯಿತು. ಮರುಕ್ಷಣವೇ ಎಚ್ಚೆತ್ತು ಸೇರಿಸಿದಳು: “ಹಾಗಂತ ಉಂಡೆ ಬಿಟ್ಟುಕೊಡ್ತೀನಿ ಅಂತ ತಿಳೀಬೇಡಿ!”

ಈಗ ನಗುವ ಸರದಿ ಅವನದಾಯಿತು.

ಶ್ರೀರಂಗಯ್ಯ ತಕ್ಕಡಿ ತಂದ. ಉಂಡೆಯನ್ನು ಬಿಚ್ಚಿ, ತೂಗಿ, ಎರಡು ಪಾಲು ಮಾಡಿ, ಎರಡು ಚಿಕ್ಕ ಉಂಡೆ ಸುತ್ತಿದ. “ತಗೊಳ್ರಪ್ಪ. ಅಣ್ಣತಮ್ಮಂದಿರ ಆಸ್ತಿ ಪಾಲಾದಂಗಾಯ್ತು,” ಎಂದವನೇ, ಇಬ್ಬರ ಮುಖವನ್ನೂ ನೋಡಿ ನಾಲಗೆ ಕಚ್ಚಿಕೊಂಡ. “ತಪ್ಪಾಯ್ತು ಬುಡಿ. ಅಣ್ಣತಮ್ಮ ಅನ್ನೋ ಹೋಲಿಕೆ ಇಲ್ಲಿಗೆ ಕೂಡಲ್ಲ.”

ವರ್ಷಿಣಿ ತನ್ನ ಪಾಲನ್ನು ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಓಡಿದಳು. ಬಸ್ಸಿನಲ್ಲಿ ಕುಳಿತ ಮೇಲೆ ಅವಳ ಗಮನಕ್ಕೆ ಬಂತು, ತಾನಿನ್ನೂ ನಗುತ್ತಲೇ ಇದ್ದೇನೆಂದು.

*

ಶನಿವಾರದ ಆ ಒಂದು ಗಂಟೆ ವರ್ಷಿಣಿಯ ಸ್ವಂತದ್ದು.

ವಾರವಿಡೀ ಅವಳ ಕಾಲ ಯಾರಾದರೊಬ್ಬರ ಪಾಲಿಗೆ ಹೋಗುತ್ತಿತ್ತು. ಬೆಳಗ್ಗೆ ಬಿಳಿಗೆರೆಯ ಮನೆಯ ಅಡಿಗೆ, ಹಗಲೆಲ್ಲ ತಿಪಟೂರಿನ ಶಾಲೆಯ ಮಕ್ಕಳು, ಸಂಜೆ ಮತ್ತೆ ಮನೆ, ಹಸು, ಅಪ್ಪನ ಮಾತ್ರೆ. ಶನಿವಾರ ಮಾತ್ರ ಶಾಲೆ ಬೇಗ ಬಿಡುತ್ತಿತ್ತು, ಬಸ್ಸು ತಡವಾಗಿ ಹೊರಡುತ್ತಿತ್ತು. ನಡುವೆ ಉಳಿದ ಆ ಒಂದು ಗಂಟೆಯನ್ನು ಅವಳು ಶ್ರೀರಂಗಯ್ಯನ ಬೆಂಚಿನ ಮೇಲೆ, ಕೈಯಲ್ಲಿ ಕ್ರೋಶಾ ಕಡ್ಡಿ ಹಿಡಿದು ಕಳೆಯುತ್ತಿದ್ದಳು.

“ದಾರ ಹಿಡ್ಕೊಂಡು ಕೂತ್ರೆ ಏನು ಬರುತ್ತಮ್ಮ?” ಎಂದು ಅಪ್ಪ ಮಲ್ಲಿಕಾರ್ಜುನಯ್ಯ ಆಗಾಗ ಕೇಳುವುದುಂಟು. ಉಸಿರು ಬರುತ್ತದೆ ಅಪ್ಪಾ ಎಂದರೆ ಅವರಿಗೆ ಅರ್ಥವಾದೀತೇ?

ಮುಂದಿನ ಶನಿವಾರ ಅವಳು ಅಂಗಡಿಗೆ ಬಂದಾಗ ಬೆಂಚಿನ ಇನ್ನೊಂದು ತುದಿಯಲ್ಲಿ ಅವನು ಕುಳಿತಿದ್ದ! ತೊಡೆಯ ಮೇಲೆ ಅಜ್ಜಿಯ ಶಾಲು.

“ಅಂಚು ತಿರುಗಿಸೋ ಕಡೆ ಸುಕ್ಕಾಗ್ತಿದೆ. ಅಜ್ಜಿ ಬಯ್ತಾ ಇದಾರೆ. ಸ್ವಲ್ಪ ತೋರಿಸಿಕೊಡ್ತೀರಾ?”

“ತೋರಿಸ್ತೀನಿ. ಆದ್ರೆ ಒಂದು ನಿಯಮ,” ಎಂದಳು ವರ್ಷಿಣಿ. “ಈ ಬೆಂಚಿನ ಮೇಲೆ ಕೂತು ಯಾವೂರು, ಯಾರ ಮಗಳು, ಮದುವೆ ಯಾವಾಗ ಅಂತ ಕೇಳೋ ಹಾಗಿಲ್ಲ. ಬಸ್ಸಲ್ಲಿ, ಶಾಲೇಲಿ, ಮನೇಲಿ ಎಲ್ಲಾ ಕಡೆ ಅದನ್ನೇ ಕೇಳಿ ಕೇಳಿ ನನಗೆ ಸಾಕಾಗಿದೆ.”

“ನನಗೂ!” ಎಂದ ಅವನು, ಹೊರೆ ಇಳಿಸಿದವನಂತೆ. “ಒಪ್ಪಿದೆ ಮೇಡಂ. ಇಲ್ಲಿ ದಾರದ ಮಾತು ಮಾತ್ರ.”

ಹೀಗೆ ಅವರು ಹೆಸರಿಲ್ಲದೆಯೇ ಸ್ನೇಹಿತರಾದರು. ಶ್ರೀರಂಗಯ್ಯ ಅವಳನ್ನು ಟೀಚರಮ್ಮ ಎನ್ನುತ್ತಿದ್ದ. ಅವನ ಅಂಗಿಗೆ ಸದಾ ತೆಂಗಿನ ನಾರು ಅಂಟಿರುತ್ತಿದ್ದುದರಿಂದ ಅವನಿಗೆ ‘ನಾರಪ್ಪ’ ಎಂದು ಹೆಸರಿಟ್ಟ. ಯಾವುದೋ ಊರಿನಲ್ಲಿ ಅವನದೊಂದು ನಾರಿನ ಮಿಲ್ಲಿದೆ ಎಂಬಷ್ಟು ಮಾತ್ರ ಆ ಅಂಗಿಯಿಂದಲೇ ಅವಳಿಗೆ ತಿಳಿಯಿತು.

ಅವನ ಬೆರಳುಗಳು ದಪ್ಪ. ಆದರೆ ದಾರವನ್ನು ಅವನು ಎಳೆಯುತ್ತಿರಲಿಲ್ಲ, ಅದು ಬರುವವರೆಗೆ ಕಾಯುತ್ತಿದ್ದ. ಈ ಮನುಷ್ಯ ಮಾತಿನಲ್ಲಿಯೂ ಹೀಗೆಯೇ… ಎಂದುಕೊಳ್ಳುತ್ತಿದ್ದಳು ವರ್ಷಿಣಿ.

ಅವಳ ಪಾಲಿನ ಕಂದು ದಾರ ಬಾಗಿಲ ತೋರಣವೊಂದಕ್ಕೆ ಅಂಚಾಯಿತು. ಎಳನೀರಿನ ಹಸಿರು ಎಲೆಗಳು, ನಡುನಡುವೆ ಬಿಳಿಯ ಹೊಂಬಾಳೆ, ಕೊನೆಯ ಸಾಲಿನಲ್ಲಿ ಕಂದು.

“ಇದು ನಮ್ಮ ಉಂಡೇದೇ ಅಲ್ವಾ?” ಎಂದು ಅವನು ಆ ಅಂಚನ್ನು ಬೆರಳಿನಿಂದ ಸವರಿದ.

ನಮ್ಮ ಉಂಡೆ! ಆ ಒಂದು ಮಾತನ್ನು ಅವಳು ಮನೆಯವರೆಗೂ ಮನಸ್ಸಿನಲ್ಲಿ ಹೊತ್ತುಕೊಂಡು ಹೋದಳು.

ಒಂದು ಶನಿವಾರ ಅವನು ಬರುವುದು ತಡವಾಯಿತು. ವರ್ಷಿಣಿ ಒಂದೇ ಸಾಲನ್ನು ಹಾಕಿ, ಬಿಚ್ಚಿ, ಮತ್ತೆ ಹಾಕಿದಳು. “ಟೀಚರಮ್ಮ, ದಾರಕ್ಕೂ ಜೀವ ಇರ್ತದೆ. ಅದನ್ನ ಹಂಗೆ ಗೋಳಾಡಿಸಬಾರದು,” ಎಂದ ಶ್ರೀರಂಗಯ್ಯ. ಅಷ್ಟರಲ್ಲಿ ಅವನು ಬೆವರೊರೆಸಿಕೊಳ್ಳುತ್ತ ಬಂದ. ಬಂದವನನ್ನು ನೋಡಿ ಅವಳ ಎದೆ ಹಗುರಾದ ಪರಿಯೇ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟಿತು.

ಆ ದಿನ ಏಳುವ ಮುನ್ನ ಅವನು ಶಾಲನ್ನು ಮಡಚುತ್ತ ಕುಳಿತ.

“ಮೇಡಂ… ನಾಳೆ ಒಂದು ಕಡೆ ಹೋಗಲೇಬೇಕಾಗಿದೆ. ಅಜ್ಜಿ ಹಟ. ಹೋಗಿ ‘ಬೇಡ’ ಅಂತ ಹೇಳಿ ಬರ್ತೀನಿ. ಮುಂದಿನ ಶನಿವಾರ ನಾನು ನಿಯಮ ಮುರೀತೀನಿ. ನಿಮ್ಮನ್ನ ಒಂದು ಮಾತು ಕೇಳೋದಿದೆ.”

“ಏನು?”

“ಮುರಿದಾಗ ಹೇಳ್ತೀನಿ.”

*

ಅದೇ ಸಂಜೆ ದೊಡ್ಡಮ್ಮ ಮೀನಾಕ್ಷಮ್ಮ ಸೆರಗು ಬಿಗಿದುಕೊಂಡು ವರ್ಷಿಣಿಯ ಕೋಣೆಗೆ ಬಂದರು.

ವರ್ಷಿಣಿಯ ತಾಯಿ ತೀರಿಕೊಂಡಾಗ ಅವಳಿಗೆ ಬುದ್ಧಿ ಬಲಿತಿರಲಿಲ್ಲ. ಒಂದೇ ಜಗುಲಿಗೆ ಎರಡು ಬಾಗಿಲುಗಳಿದ್ದ ಆ ಮನೆಯಲ್ಲಿ, ಆಚೆ ಬಾಗಿಲಿನ ದೊಡ್ಡಮ್ಮನೇ ತನ್ನ ಮಗಳು ಭಾನುಪ್ರಿಯಾಳ ಜೊತೆ ಇವಳ ತಲೆಯನ್ನೂ ಬಾಚಿ, ಇವಳಿಗೂ ತುತ್ತಿಟ್ಟು ಸಾಕಿದ್ದರು. ಅವರು ಏನು ಕೇಳಿದರೂ ಇಲ್ಲವೆನ್ನುವ ಬಾಯಿ ವರ್ಷಿಣಿಗೆ ಇರಲಿಲ್ಲ.

“ಮಗಾ, ನಾಳೆ ಭಾನೂನ ನೋಡೋಕೆ ಬತ್ತಾವ್ರೆ. ಮಾಯಸಂದ್ರದ ಕಡೆಯೋರು. ನಿನ್ನ ತೋರಣ, ಟಿ.ವಿ. ಮೇಲಿನ ಹೊದಿಕೆ, ಆ ದಿಂಬಿನ ಕವರು ಎಲ್ಲಾ ಕೊಡೇ. ನಮ್ಮ ಮನೇಲಿ ಹಾಕ್ತೀನಿ.”

“ತಗೊಳ್ಳಿ ದೊಡ್ಡಮ್ಮ. ಅದಕ್ಕೇನು?”

“ಅದಕ್ಕೇನು ಅಂದ್ರೆ…” ಮೀನಾಕ್ಷಮ್ಮ ದನಿ ಇಳಿಸಿದರು. “ಇದನ್ನೆಲ್ಲ ಭಾನೂನೇ ಹೆಣೆದಿದ್ದು ಅಂತ ಹೇಳ್ತೀನಿ. ಅವಳು ನೋಡಿದ್ರೆ ಬೆಳಗೆದ್ದು ಪ್ಯಾಂಟು ಹಾಕ್ಕೊಂಡು ತೋಟದ ತುಂಬಾ ಓಡ್ತಾಳೆ. ಪೊಲೀಸ್ ಸೆಲೆಕ್ಷನ್ನಂತೆ! ಓಡೋ ಹುಡುಗೀನ ಯಾರೇ ಒಪ್ತಾರೆ? ಕೈಯಲ್ಲಿ ಸ್ವಲ್ಪ ಕಸುಬಿದೆ ಅಂತಾದ್ರೂ ಕಾಣಲಿ.”

ಬಾಗಿಲಾಚೆಯಿಂದ ಭಾನುಪ್ರಿಯಾಳ ಕೂಗು ಕೇಳಿತು. “ಅವ್ವಾ, ನನಗೆ ಅಂಗಿ ಗುಂಡಿ ಹೊಲಿಯೋಕೂ ಬರಲ್ಲ! ಸಿಕ್ಕಿಬಿದ್ರೆ ನನ್ನನ್ನ ಬಯ್ಯಂಗಿಲ್ಲ!”

“ನೀನು ಬಾಯಿ ಮುಚ್ಚೇ!” ಎಂದು ಗದರಿ, ಮೀನಾಕ್ಷಮ್ಮ ವರ್ಷಿಣಿಯ ಕೆನ್ನೆ ಸವರಿದರು. “ಇನ್ನೊಂದು ಮಾತು ಮಗಾ. ಅವರು ಇರೋವರೆಗೂ ನೀನು ಅಡಿಗೆ ಮನೆ ದಾಟಬೇಡ. ಮದುವೆಗಿರೋ ಎರಡು ಹೆಣ್ಣು ಒಟ್ಟಿಗೆ ಕಾಣಿಸಿಕೊಳ್ಳಬಾರದು. ನಿನಗೆ ಗೊತ್ತಲ್ಲ.”

ಗೊತ್ತಿತ್ತು. ನೋಡಲು ಬಂದವರ ಕಣ್ಣು ಇನ್ನೊಬ್ಬಳ ಮೇಲೆ ಬೀಳದಿರಲೆಂದು ಎಷ್ಟೋ ಮನೆಗಳಲ್ಲಿ ಹೀಗೆಯೇ ಮಾಡುತ್ತಾರೆ. ವರ್ಷಿಣಿಗೆ ಬೇಸರವಾಗಲಿಲ್ಲ. ಅವಳ ಮನಸ್ಸೆಲ್ಲ ಮುಂದಿನ ಶನಿವಾರದಲ್ಲಿತ್ತು.

*

ಮರುದಿನ ಕಾರು ಬಂದು ನಿಂತ ಸದ್ದು ಕೇಳಿದಾಗ ವರ್ಷಿಣಿ ದೊಡ್ಡಮ್ಮನ ಅಡಿಗೆ ಮನೆಯಲ್ಲಿ ಕೇಸರಿಬಾತಿಗೆ ರವೆ ಹುರಿಯುತ್ತಿದ್ದಳು.

ಹೊರಗೆ ಕಾಲು ತೊಳೆಯುವ ನೀರಿನ ಸದ್ದು. ನಮಸ್ಕಾರ, ಬನ್ನಿ ಬನ್ನಿ… ಆಮೇಲೆ ಯಾಕೋ ಎಲ್ಲರೂ ಬಾಗಿಲಲ್ಲೇ ನಿಂತಂತಾಯಿತು. ಗೊಣಗೊಣ ಮಾತು. ದೊಡ್ಡಮ್ಮನ ದನಿಯೊಂದೇ ಸ್ಪಷ್ಟವಾಗಿ ಕೇಳಿತು: “ಹೌದೌದು, ನಮ್ಮ ಹುಡುಗೀನೇ ಹೆಣೆದಿದ್ದು!”

ಸ್ವಲ್ಪ ಹೊತ್ತಿಗೆ ಮೀನಾಕ್ಷಮ್ಮ ಒಳಗೆ ಓಡಿಬಂದರು. ಮುಖವೆಲ್ಲ ಬೆಳಕು!

“ಕೇಳಿದ್ಯೇನೇ! ಹುಡುಗ ಬಾಗಿಲು ದಾಟೋ ಮುಂಚೇನೇ, ‘ಈ ಹುಡುಗೀನ ನಾನು ಬಲ್ಲೆ, ನನಗೆ ಪೂರ್ತಿ ಒಪ್ಪಿಗೆ’ ಅಂದ್ಬುಟ್ಟ! ಭಾನೂನ ಇನ್ನೂ ಹೊರಗೆ ಕರೆದೇ ಇಲ್ಲ! ಬಂದಿರೋರೆಲ್ಲ ನಗ್ತಾವ್ರೆ. ಹೆಸರು ರೇಣುಕಪ್ರಸಾದ್ ಅಂತೆ. ಎಷ್ಟು ಲಕ್ಷಣವಾಗವ್ನೆ ಗೊತ್ತಾ…”

ವರ್ಷಿಣಿಗೂ ಸಂತೋಷವಾಯಿತು. ಭಾವನಾಗುವವನ ಮುಖವನ್ನು ಒಮ್ಮೆ ನೋಡೋಣವೆಂದು ಬಾಗಿಲ ಸಂದಿಗೆ ಕಣ್ಣು ಹಚ್ಚಿದಳು.

ಗೋಡೆ ಬದಿಯ ಕುರ್ಚಿಯಲ್ಲಿ, ನಾರಿನ ಎಳೆ ಒಂದೂ ಇಲ್ಲದ ಹೊಸ ಬಿಳಿ ಅಂಗಿ ತೊಟ್ಟು… ಅವನು!

ಸೌಟು ಹಿಡಿದ ಅವಳ ಕೈ ಹಾಗೇ ಕೆಳಗಿಳಿಯಿತು. ಹಿಂದೆ ಒಲೆಯ ಮೇಲೆ ಕೇಸರಿಬಾತು ತಳ ಹಿಡಿಯಿತು.

‘ಬೇಡ ಅಂತ ಹೇಳಿ ಬರ್ತೀನಿ’ ಅಂದವನು… ಭಾನಕ್ಕನನ್ನು ಬಲ್ಲೆ ಎಂದನಂತೆ. ಬಾಗಿಲಲ್ಲೇ ನಿಂತು ಒಪ್ಪಿಗೆ ಎಂದನಂತೆ! ಹಾಗಾದರೆ ಬೆಂಚಿನ ಮೇಲಿನ ಆ ಶನಿವಾರಗಳು? ನಮ್ಮ ಉಂಡೆ ಎಂದದ್ದು?

ಅವಳು ಒಲೆಯ ಕಡೆ ತಿರುಗಿ ನಿಂತಳು. ಅಷ್ಟರಲ್ಲಿ ಭಾನುಪ್ರಿಯಾ ಕಾಫಿಯ ತಟ್ಟೆ ಹಿಡಿದು ಹಜಾರಕ್ಕೆ ಬಂದಳು. ಆ ಗಳಿಗೆಯಲ್ಲಿ ರೇಣುಕಪ್ರಸಾದನ ಮುಖ ಹೇಗಾಯಿತೆಂದು ವರ್ಷಿಣಿ ನೋಡಿದ್ದರೆ ಈ ಕಥೆ ಅಲ್ಲಿಗೇ ಮುಗಿದುಹೋಗುತ್ತಿತ್ತು.

ಅವಳು ನೋಡಲಿಲ್ಲ.

*

ಮುಂದಿನ ಶನಿವಾರ ಅವಳು ಪೇಟೆಯ ಕಡೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸುಮ್ಮನೆ ಕುಳಿತು ಆ ಒಂದು ಗಂಟೆಯನ್ನು ಕಳೆದಳು. ಅದರ ಮುಂದಿನ ಶನಿವಾರವೂ ಅಷ್ಟೆ. ಗಂಟೆಯೊಂದು ಅಷ್ಟು ಉದ್ದವಿರುತ್ತದೆಂದು ಅವಳಿಗೆ ಮೊದಲು ತಿಳಿದಿರಲಿಲ್ಲ.

ದಾರದ ಬುಟ್ಟಿ ಮಂಚದ ಕೆಳಗೆ ಸೇರಿತು.

“ಯಾಕಮ್ಮ, ಕಡ್ಡಿ ಮುಟ್ಟೇ ಇಲ್ಲ?” ಎಂದು ಒಂದು ಸಂಜೆ ಅಪ್ಪ ಕೇಳಿದರು.

“ಅದರಿಂದ ಏನು ಬರುತ್ತೆ ಅಂತ ನೀವೇ ಕೇಳ್ತಿದ್ರಲ್ಲಪ್ಪ.”

ಮಲ್ಲಿಕಾರ್ಜುನಯ್ಯನವರು ಮಗಳ ಪಕ್ಕದಲ್ಲಿ ಬಂದು ಕುಳಿತರು. “ಕೇಳ್ತಿದ್ದೆ ನಿಜ. ಅದು ಕೈಯಲ್ಲಿದ್ದಾಗ ನೀನು ಗುನುಗ್ತಿದ್ದೆ. ಈಗ ಮನೆ ಬಿಕೋ ಅನ್ನುತ್ತೆ ಕಣಮ್ಮ.”

ಅವಳು ಎದ್ದು ಹಿತ್ತಲಿಗೆ ಹೋದಳು. ಹಸುವಿನ ಕೊರಳು ತಬ್ಬಿ ಅತ್ತಳು.

ಯಾರಿಗೆ ಹೇಳುವುದು? ದೊಡ್ಡಮ್ಮನ ಮುಖದ ಮೇಲಿನ ಆ ಬೆಳಕನ್ನು ಯಾವ ಬಾಯಿಂದ ಆರಿಸುವುದು? ತಾನು ಮಾತಾಡಿದರೆ ತೋರಣದ ಸುಳ್ಳು ಹೊರಬೀಳುತ್ತದೆ. ಸಾಕಿದವರು ಬಂದವರ ಎದುರು ತಲೆತಗ್ಗಿಸಬೇಕಾಗುತ್ತದೆ. ಇಷ್ಟಕ್ಕೂ ಅವನು ಭಾನಕ್ಕನನ್ನೇ ಮೆಚ್ಚಿದ್ದರೆ ತನಗಾದರೂ ಮಾತಾಡುವ ಹಕ್ಕೆಲ್ಲಿದೆ?

ಭಾನುಪ್ರಿಯಾ ಮಾತ್ರ ಆ ದಿನಗಳಲ್ಲಿ ವಿಚಿತ್ರವಾಗಿ ಗೆಲುವಾಗಿದ್ದಳು. ಬೆಳಗಿನ ಓಟ ತಪ್ಪಿಸಲಿಲ್ಲ. ತೋಟದ ಬದುವಿನ ಮೇಲೆ ನಿಂತು ಫೋನಿನಲ್ಲಿ ಯಾರೊಂದಿಗೋ ಬಿದ್ದು ಬಿದ್ದು ನಗುತ್ತಿದ್ದಳು. ಅವನೊಂದಿಗೇ ಇರಬೇಕು ಎಂದುಕೊಂಡು ವರ್ಷಿಣಿ ತುಟಿ ಕಚ್ಚಿದಳು. ಅವಳ ಆ ಊಹೆ ಮಾತ್ರ ನಿಜವೇ ಆಗಿತ್ತು.

*

ಮಾತು ಗಟ್ಟಿ ಮಾಡಿಕೊಳ್ಳಲು ಹುಡುಗನ ಕಡೆಯವರು ಮತ್ತೊಂದು ಭಾನುವಾರ ಬಂದರು. ರೇಣುಕಪ್ರಸಾದ್, ಅವನ ಸೋದರಮಾವ ದಯಾನಂದ್, ಜೊತೆಗೆ ಕಳೆದ ಸಲ ಬಾರದಿದ್ದ ಅಜ್ಜಿ ಗುರುಶಾಂತಮ್ಮ. ವರ್ಷಿಣಿ ಮತ್ತೆ ಅಡಿಗೆ ಮನೆಯಲ್ಲಿದ್ದಳು. ಈ ಸಲ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

ಗುರುಶಾಂತಮ್ಮ ಸೊಟ್ಟಗಾದ ಬೆರಳುಗಳಿಂದ ಚೀಲ ಬಿಚ್ಚಿದರು. ಹೊರಗೆ ಬಂದದ್ದು ಆ ಶಾಲು! ಕೊನೆಯ ಸಾಲು ಇನ್ನೂ ಅರ್ಧದಲ್ಲಿತ್ತು. ಕುಣಿಕೆಯಲ್ಲಿ ಕಡ್ಡಿ ಹಾಗೆಯೇ ನಿಂತಿತ್ತು.

“ಬಾರವ್ವ ಭಾನೂ. ನಿನ್ನ ಕೈಯ ಕೆಲಸ ಬಾಗಿಲಲ್ಲೇ ನೋಡಿದೆ. ಎಂಥ ತೋರಣ! ಈ ಶಾಲು ನಾನು ಶುರು ಮಾಡಿದ್ದು, ಮುಗಿಸೋಕಾಗ್ಲಿಲ್ಲ. ನೀನೇ ಈ ಸಾಲು ಮುಗಿಸಿ ನನ್ನ ಹೆಗಲಿಗೆ ಹೊದಿಸಬೇಕು ನೋಡು.”

ಮೀನಾಕ್ಷಮ್ಮನ ಮುಖ ಬಿಳಿಚಿಕೊಂಡಿತು. “ಅಯ್ಯೋ, ಈಗ ಯಾಕಮ್ಮ? ಮೊದಲು ತಿಂಡಿ ತಗೊಳ್ಳಿ…”

“ಪರವಾಗಿಲ್ಲ ಬುಡವ್ವ. ಕೊಡಿ ಅಜ್ಜಿ,” ಎಂದಳು ಭಾನುಪ್ರಿಯಾ, ಏನೂ ಆಗದವಳಂತೆ. ಶಾಲನ್ನು ತೊಡೆಯ ಮೇಲೆ ಹರಡಿಕೊಂಡು ಕಡ್ಡಿಯನ್ನು ಲಾಠಿ ಹಿಡಿದ ಹಾಗೆ ಹಿಡಿದಳು. ಆಮೇಲೆ ಕುಣಿಕೆಯಿಂದ ಅದನ್ನು ಸರಕ್ಕನೆ ಹೊರಗೆ ಎಳೆದಳು.

ಬಾಗಿಲ ಮರೆಯಲ್ಲಿ ವರ್ಷಿಣಿ ಚೌಕಟ್ಟನ್ನು ಬಿಗಿಯಾಗಿ ಹಿಡಿದಳು.

ಭಾನುಪ್ರಿಯಾ ದಾರದ ತುದಿ ಹಿಡಿದು ಜಗ್ಗಿದಳು. ಕುಣಿಕೆಗಳು ಪಟಪಟನೆ ಬಿಚ್ಚಿಕೊಂಡವು. ಅರ್ಧ ಸಾಲು ಹೋಯಿತು! ಅದರ ಹಿಂದಿನ ಸಾಲಿಗೆ ಕೈ ಬಿತ್ತು…

ಆ ಸಾಲು! ಅಂಚು ತಿರುಗಿಸುವುದು ಬಾರದೆ ಅವನು ಮತ್ತೆ ಮತ್ತೆ ಹಾಕಿ, ಅವಳು ಪಕ್ಕದಲ್ಲಿ ಕುಳಿತು ತಿದ್ದಿ, ಇಬ್ಬರೂ ಗೆದ್ದ ಸಾಲು!

“ಅಯ್ಯೋ, ಎಳೀಬೇಡ ಕಣೇ!”

ದೊಡ್ಡಮ್ಮನ ಆಜ್ಞೆಯಾಗಲಿ, ಅಡಿಗೆ ಮನೆಯ ಹೊಸಿಲಾಗಲಿ, ಹಜಾರದಲ್ಲಿ ಕುಳಿತ ಹಿರಿಯರಾಗಲಿ ಅವಳಿಗೆ ಕಾಣಲಿಲ್ಲ. ಓಡಿಬಂದು ಶಾಲನ್ನು ಕಿತ್ತುಕೊಂಡು ನೆಲದ ಮೇಲೆಯೇ ಕುಳಿತಳು. ಉಳಿದ ಕುಣಿಕೆಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದು ಕಡ್ಡಿ ಸಿಕ್ಕಿಸಿದಳು. ಒಂದು ನಿಟ್ಟುಸಿರು ಬಿಟ್ಟು, ಬಿಚ್ಚಿದಷ್ಟನ್ನೂ ಮತ್ತೆ ಹಾಕತೊಡಗಿದಳು. ಬೆರಳುಗಳು ತಮ್ಮ ಪಾಡಿಗೆ ತಾವು ಓಡಿದವು.

ಹಜಾರದವರೆಲ್ಲ ಕತ್ತು ಚಾಚಿ ಆ ಬೆರಳುಗಳನ್ನೇ ನೋಡಿದರು.

ಎಷ್ಟೋ ಹೊತ್ತಿನ ಮೇಲೆ ಅವಳಿಗೆ ತಾನು ಎಲ್ಲಿ ಕುಳಿತಿದ್ದೇನೆಂದು ಅರಿವಾಯಿತು. ಮೆಲ್ಲನೆ ತಲೆ ಎತ್ತಿದಳು.

ರೇಣುಕಪ್ರಸಾದ್ ಎದ್ದು ನಿಂತಿದ್ದ. ಅವನ ಕಣ್ಣುಗಳು ತುಂಬಿದ್ದವು.

“ಮೇಡಂ…” ಎಂದ.

“ನನ್ನನ್ನ ಕ್ಷಮಿಸಿ,” ಎಂದು ತೊದಲಿದಳು ವರ್ಷಿಣಿ. “ನೀವು… ಭಾನಕ್ಕನ್ನ…”

“ನಾನು ಬಾಗಿಲಲ್ಲಿ ನಿಂತು ನೋಡಿದ್ದು ತೋರಣಾನ!” ಅವನು ಬಾಗಿಲ ಕಡೆ ಕೈ ತೋರಿಸಿದ. “ಅಂಚಲ್ಲಿ ನಮ್ಮ ಉಂಡೆಯ ಕಂದು ದಾರ. ನಾನೇ ಕೈಯಾರೆ ಸವರಿದ ಅಂಚು. ಇದನ್ನ ಹೆಣೆದಿದ್ದು ಯಾರು ಅಂತ ಕೇಳಿದ್ರೆ ನಮ್ಮ ಹುಡುಗೀನೇ ಅಂದ್ರು. ದೇವರೇ ನನ್ನನ್ನ ನಿಮ್ಮ ಮನೆ ಬಾಗಿಲಿಗೆ ಕರ್ಕೊಂಡು ಬಂದ ಅನ್ನಿಸ್ತು! ಬೇಡ ಅನ್ನೋಕೆ ಬಂದೋನು, ಹುಡುಗೀನ ಬಲ್ಲೆ, ಒಪ್ಪಿಗೆ ಅಂದ್ಬಿಟ್ಟೆ. ಆಮೇಲೆ ಕಾಫಿ ತಂದೋರು… ಬೇರೆಯವರು.”

“ಆಗ ಇವರ ಮುಖ ನೋಡಬೇಕಿತ್ತು ನೀನು!” ಎಂದು ಭಾನುಪ್ರಿಯಾ ನಕ್ಕಳು. “ನಾನು ಅರೆಸ್ಟ್ ಮಾಡೋಕೆ ಬಂದಿದ್ದೀನೇನೋ ಅನ್ನೋ ಹಾಗೆ ಬೆವರಿದ್ರು.”

ರೇಣುಕಪ್ರಸಾದ್ ಹಿರಿಯರ ಕಡೆ ತಿರುಗಿ ಕೈ ಮುಗಿದ. “ಕೊಟ್ಟ ಮಾತು ಹಿಂದಕ್ಕೆ ತಗೊಂಡ್ರೆ ಭಾನು ಅವರ ಹೆಸರಿಗೆ ಕೆಟ್ಟದಾಗುತ್ತೆ ಅಂತ ಹೆದರಿದೆ. ಅಂಗಡಿಗೆ ಹೋಗಿ ಕಾದೆ, ಈ ಮೇಡಂ ಬರಲಿಲ್ಲ. ಕೊನೆಗೆ ಭಾನು ಅವರಿಗೇ ಫೋನ್ ಮಾಡಿ ಎಲ್ಲಾ ಹೇಳಿದೆ.”

“ನಾನೇ ಅಂದೆ, ಅಜ್ಜೀನ ಕರ್ಕೊಂಡು ಬನ್ನಿ, ಶಾಲು ತನ್ನಿ, ಮಿಕ್ಕಿದ್ದು ನನಗೆ ಬಿಡಿ ಅಂತ.”

“ನೀನು ಬೇಕಂತಲೇ ಎಳೆದ್ಯಾ?” ವರ್ಷಿಣಿ ಬೆಚ್ಚಿ ಕೇಳಿದಳು. “ನನಗೆ ಮೊದಲೇ ಹೇಳಬಾರದಿತ್ತಾ ಭಾನಕ್ಕ?”

“ಹೇಳಿದ್ರೆ ಕಣ್ಣೀರು ಒರೆಸ್ಕೊಂಡು ನನಗೆ ಬಿಟ್ಟುಕೊಡ್ತಿದ್ದೆ. ನನಗೆ ಗೊತ್ತಿಲ್ವೇನೇ ನೀನು! ನನಗೆ ಗಂಡ ಬೇಡ ಕಣೇ ಈಗ. ನನಗೆ ಬೇಕಾಗಿರೋದು ಖಾಕಿ.”

ಎಲ್ಲರ ಕಣ್ಣೂ ಈಗ ಮೀನಾಕ್ಷಮ್ಮನ ಮೇಲೆ ಹೊರಳಿತು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಂಬಕ್ಕೆ ಒರಗಿದ್ದರು. “ನನ್ನ ಮಗಳಿಗೆ ಒಳ್ಳೇದಾಗಲಿ ಅಂತ…” ಎನ್ನುತ್ತಲೇ ಅತ್ತುಬಿಟ್ಟರು.

ಗುರುಶಾಂತಮ್ಮ ಹಜಾರವೆಲ್ಲ ತುಂಬುವಂತೆ ನಕ್ಕರು!

“ಅದಕ್ಕೆ ಯಾಕವ್ವ ಅಳ್ತೀಯಾ? ಹೆಣ್ಣು ನೋಡೋ ದಿನ ಯಾರ ಮನೇಲಿ ಎಲ್ಲಾ ಸ್ವಂತದ್ದೇ ಇರ್ತದೆ? ನಾವು ಬಂದಿರೋ ಕಾರು ಪಕ್ಕದ ಮನೇದು. ನಮ್ಮ ಹುಡುಗ ಕಟ್ಟಿರೋ ವಾಚು ಇವನ ಮಾವಂದು. ಏನೋ ದಯಾನಂದ, ನಿಂದೇ ತಾನೇ?”

“ನಂದೇ ಕಣವ್ವ,” ಎಂದು ದಯಾನಂದ್ ಬರಿಯ ಮಣಿಕಟ್ಟನ್ನು ಎತ್ತಿ ತೋರಿಸಿದರು. “ಹೋಗೋವಾಗ ಮರೀದೆ ಕೊಡ್ಲಾ ಅಳಿಯ!”

ಹಜಾರದಲ್ಲಿ ನಗೆ ಎದ್ದಿತು. ಮೀನಾಕ್ಷಮ್ಮನೂ ಅಳುತ್ತಲೇ ನಕ್ಕರು. ಎದೆಯ ಮೇಲಿನ ಕಲ್ಲು ಉರುಳಿಹೋದವರ ನಗು ಅದು. ಅವರು ಕೆಳಗೆ ಕುಳಿತು ವರ್ಷಿಣಿಯ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದರು.

“ನಿನ್ನ ಕೆಲಸಾನೂ ತಗೊಂಡು ನಿನ್ನನ್ನೂ ಬಚ್ಚಿಟ್ಟೆನಲ್ಲೇ ಮಗಾ… ಒಂದು ಮಾತು ಹೇಳಬಾರದಿತ್ತಾ?”

“ನೀವು ಅಷ್ಟು ಖುಷಿಯಾಗಿದ್ರಿ ದೊಡ್ಡಮ್ಮ…” ಎಂದು ವರ್ಷಿಣಿ ಅವರ ಮಡಿಲಿಗೆ ಮುಖ ಹುದುಗಿಸಿದಳು.

ಹಿರಿಯರ ಜೊತೆ ಕುಳಿತಿದ್ದ ಮಲ್ಲಿಕಾರ್ಜುನಯ್ಯನವರು ಗಂಟಲು ಸರಿಪಡಿಸಿಕೊಂಡರು. “ಎಲ್ಲಾ ಸರಿ. ನನ್ನ ಮಗಳನ್ನ ಇನ್ನೂ ಯಾರೂ ಕೇಳಿಲ್ಲವಲ್ಲ. ಅಮ್ಮಾ, ನಿನಗೆ ಒಪ್ಪಿಗೆಯೇನಮ್ಮ?”

ವರ್ಷಿಣಿ ರೇಣುಕಪ್ರಸಾದನನ್ನು ನೋಡಿದಳು. ಆಮೇಲೆ ಅಪ್ಪನನ್ನು. “ಅವರು ಮೊದಲು ನನ್ನನ್ನ ಒಂದು ಮಾತು ಕೇಳೋದಿದೆ ಅಪ್ಪಾ. ಬೆಂಚಿನ ಮೇಲೆ. ಅಲ್ಲಿ ಹೇಳ್ತೀನಿ.”

ಯಾವ ಬೆಂಚು ಎಂದು ಹಿರಿಯರಾರಿಗೂ ಅರ್ಥವಾಗಲಿಲ್ಲ. ಆದರೆ ಬಹಳ ದಿನಗಳ ಮೇಲೆ ಮಗಳ ದನಿಯಲ್ಲಿ ಆ ಗುನುಗು ಕೇಳಿಸಿತೆಂದು ಮಲ್ಲಿಕಾರ್ಜುನಯ್ಯನವರಿಗೆ ಅನ್ನಿಸಿತು.

*

ಶನಿವಾರ ಅವಳು ಅಂಗಡಿಯ ಮೆಟ್ಟಿಲು ಹತ್ತಿದಾಗ ಶ್ರೀರಂಗಯ್ಯ ಬೆಂಚನ್ನು ಒರೆಸುತ್ತಿದ್ದ, ರೇಣುಕಪ್ರಸಾದ್ ಪಕ್ಕದಲ್ಲಿ ಕಾಯುತ್ತ ನಿಂತಿದ್ದ.

“ಬಂದ್ರಾ ಟೀಚರಮ್ಮ! ನೀವಿಲ್ಲದೆ ಈ ನಾರಪ್ಪ ದಾರ ತಗೊಳ್ಳಲಿಲ್ಲ, ಎದ್ದೂ ಹೋಗಲಿಲ್ಲ. ಬೀದಿ ನೋಡೋದೇ ಕೆಲಸ. ನನ್ನ ವ್ಯಾಪಾರ ಅತ್ಲಾಗಿರಲಿ, ಬೆಂಚು ಸವೆದುಹೋಯ್ತು.” ಅಷ್ಟು ಹೇಳಿ, ಒಳಗಿನ ಮಾಲು ಎಣಿಸುವ ನೆಪದಲ್ಲಿ ಮರೆಯಾದ.

ಇಬ್ಬರೂ ಬೆಂಚಿನ ಎರಡು ತುದಿಗಳಲ್ಲಿ ಕುಳಿತರು. ನಡುವೆ ದಾರದ ಬುಟ್ಟಿ.

“ಮೊದಲು ಒಂದು ವಿಷಯ ಇತ್ಯರ್ಥ ಆಗಲಿ,” ಎಂದಳು ವರ್ಷಿಣಿ, ನೋಟವನ್ನು ದಾರದ ಮೇಲೆಯೇ ಇಟ್ಟು. “ಮುಂದೆ ಏನೇ ಆದ್ರೂ ಶನಿವಾರದ ಈ ಒಂದು ಗಂಟೇನ ನಾನು ಯಾರಿಗೂ ಕೊಡಲ್ಲ. ಅಡಿಗೆ ಕಾಯ್ತಿದ್ರೂ, ನೆಂಟರು ಬಂದಿದ್ರೂ.”

“ಕೊಡಬೇಡಿ,” ಎಂದ ರೇಣುಕಪ್ರಸಾದ್. “ಈ ಗಂಟೆ ಇಲ್ಲದಿದ್ರೆ ನನಗೆ ನೀವೇ ಸಿಕ್ತಿರಲಿಲ್ಲ. ನೆಂಟರಿಗೆ ನಾನು ಬೇಗ ಬಂದು ಕಾಫಿ ಮಾಡ್ತೀನಿ. ಆದ್ರೆ ಬೆಂಚಲ್ಲಿ ಅರ್ಧ ಜಾಗ ನನಗಿರಲಿ.”

ಅವಳು ದಾರದ ಬುಟ್ಟಿಯನ್ನು ಎತ್ತಿ ನೆಲದ ಮೇಲಿಟ್ಟಳು. ನಡುವೆ ಈಗ ಏನೂ ಇರಲಿಲ್ಲ.

ಹೊರಗೆ ಕೊಬ್ಬರಿ ಚೀಲಗಳನ್ನು ಹೇರಿದ ಲಾರಿಯೊಂದು ಹಾರ್ನ್ ಹಾಕುತ್ತ ಹೋಯಿತು. ಆ ಸದ್ದು ಅಡಗುವವರೆಗೂ ಅವನು ಕಾದ. ಅವನು ಯಾವತ್ತೂ ಹಾಗೆಯೇ, ಎಳೆಯುವವನಲ್ಲ.

“ಮೇಡಂ… ನಿಯಮ ಮುರೀಲಾ?”

“ಮುರೀರಿ.”

“ಯಾವೂರು?”

ಅವಳ ತುಟಿಯಂಚಿನಲ್ಲಿ ನಗು ಮೂಡಿತು. “ಸದ್ಯಕ್ಕೆ ಬಿಳಿಗೆರೆ.”

“ಯಾರ ಮಗಳು?”

“ಮಲ್ಲಿಕಾರ್ಜುನಯ್ಯನವರ ಮಗಳು. ಮೀನಾಕ್ಷಮ್ಮನವರ ಮಗಳೂ ಹೌದು. ಹೆಸರು ವರ್ಷಿಣಿ.”

“ವರ್ಷಿಣಿ…” ಅವನು ಆ ಹೆಸರನ್ನು ಅಂದು ಕಂದು ಅಂಚನ್ನು ಸವರಿದಷ್ಟೇ ಮೆಲ್ಲಗೆ ಉಚ್ಚರಿಸಿದ. ಮೂರನೆಯ ಪ್ರಶ್ನೆಗೆ ಅವನು ಅವಳ ಕಡೆಗೆ ಪೂರ್ತಿ ತಿರುಗಿ ಕುಳಿತ.

“ಮದುವೆ… ಯಾವಾಗ?”

ವರ್ಷಿಣಿ ಕಡ್ಡಿಯನ್ನು ಕೆಳಗಿಟ್ಟಳು. ಅವನ ಅಂಗಿಯ ತೋಳಿಗೆ ಅಂಟಿದ್ದ ಒಂದು ನಾರಿನ ಎಳೆಯನ್ನು ಬಿಡಿಸಿ ತನ್ನ ಬೆರಳಿಗೆ ಸುತ್ತಿಕೊಂಡಳು.

“ನಿಮ್ಮದು ಯಾವತ್ತೋ,” ಎಂದಳು, “ನನ್ನದೂ ಅವತ್ತೇ.”